ಹಾಸಿಗೆ ಹುಣ್ಣು ತಡೆಯುವ ಕಾರ್ಯಕ್ರಮವನ್ನು ಹೋಮ್ ನರ್ಸ್‌ಗಳ ಜೊತೆ ಕೂತು ರೂಪಿಸುವುದು ಹೇಗೆ?

ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಒತ್ತಡದಿಂದ ಚರ್ಮದಲ್ಲಿ ಆಗುವುದೇ ಹಾಸಿಗೆ ಹುಣ್ಣು. ಹಾಸಿಗೆ ಹಿಡಿದವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂದು ಹೋಮ್ ನರ್ಸ್‌ಗೆ, ಅಂದರೆ ಏಜೆನ್ಸಿ ಮೂಲಕ ಬಂದು ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ, ಚಾರ್ಟ್ ಬರೆದುಕೊಡುವುದು ಸುಲಭ. ಹಗಲೂ ರಾತ್ರಿ ಒಬ್ಬರೇ ನೋಡಿಕೊಳ್ಳುವ ಮನೆಯಲ್ಲಿ ರಾತ್ರಿಯ ಚೌಕಗಳೆಲ್ಲ ಬೆಳಿಗ್ಗೆ ಒಟ್ಟಿಗೇ ಭರ್ತಿಯಾಗುತ್ತವೆ. ತಪ್ಪು ಅವರದಲ್ಲ, ಅವರನ್ನು ಕೇಳದೆ ಮಾಡಿದ ಚಾರ್ಟಿನದು. ತರಬೇತಿಯ ದಿನ ಕರೆದರೆ ತಡವಾಯಿತು. ಹಾಳೆ ಇನ್ನೂ ಖಾಲಿಯಿರುವಾಗಲೇ ಕರೆಯಿರಿ.

ಆರೆಂಟು ಜನ ಸಾಕು. ಪಾಳಿಯಲ್ಲಿ ಬರುವವರೂ ಮನೆಯಲ್ಲೇ ಉಳಿಯುವವರೂ ಇರಲಿ. ಮಧ್ಯಾಹ್ನ ಎರಡರಿಂದ ನಾಲ್ಕು ಒಳ್ಳೆಯ ಹೊತ್ತು. ಅರ್ಧ ದಿನದ ಕೂಲಿಯನ್ನು ಅಂದೇ ಕೈಗೆ ಕೊಡಿ, ಆ ಮನೆಗೆ ಬದಲಿ ಜನರನ್ನೂ ಕಳಿಸಿ. ಇಲ್ಲದಿದ್ದರೆ ಮನೆಯವರು ಬಿಡುವುದಿಲ್ಲ. ಏಜೆನ್ಸಿಯ ಮೇಲ್ವಿಚಾರಕರು ಕೋಣೆಯಲ್ಲಿ ಬೇಡ. ಅವರೆದುರು ಯಾರೂ ಬಾಯಿ ಬಿಡುವುದಿಲ್ಲ.

"ನಿಮ್ಮ ಅಭಿಪ್ರಾಯವೇನು" ಎಂದು ಕೇಳಬೇಡಿ. ಒಂದು ಮಂಚ, ಎರಡು ಬೆಡ್‌ಶೀಟ್, ನಾಲ್ಕು ದಿಂಬು ಇಟ್ಟು, ಒಬ್ಬರನ್ನು ಮಲಗಿಸಿ ಮಾಡಿ ತೋರಿಸಲು ಹೇಳಿ. ಮಡಿಸಿದ ಶೀಟಿನಿಂದ ಒಬ್ಬರೇ ಹೊರಳಿಸುವ ಉಪಾಯ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡುವುದು ಆಗ ಹೊರಬರುತ್ತವೆ. ಕೆಂಪಾದ ಜಾಗಕ್ಕೆ ಎಣ್ಣೆ ತಿಕ್ಕುವುದು, ಸೊಂಟದಡಿ ಗಾಳಿ ತುಂಬಿದ ಟ್ಯೂಬ್ ಇಡುವುದು ಇಂಥ ತಪ್ಪುಗಳೂ ಕಾಣುತ್ತವೆ. ಕೂಡಲೇ ತಿದ್ದಿದರೆ ಮಿಕ್ಕವರು ಮುಚ್ಚಿಡುತ್ತಾರೆ. ಮೊದಲು ಬರೆದುಕೊಳ್ಳಿ, ಕೊನೆಯಲ್ಲಿ ನರ್ಸಿಂಗ್ ಓದಿದ ನರ್ಸ್ ಕಾರಣ ಹೇಳಲಿ: ತಿಕ್ಕಿದರೆ ನೊಂದ ಚರ್ಮ ಇನ್ನಷ್ಟು ಹಾಳಾಗುತ್ತದೆ, ಟ್ಯೂಬಿನ ಅಂಚು ಒತ್ತಿ ರಕ್ತ ಓಡಾಟ ತಡೆಯುತ್ತದೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣದೇ ಇರಬಹುದು. ಬಿಸಿ, ಗಟ್ಟಿತನ, ಮುಟ್ಟಿದರೆ ನೋವು ಇವನ್ನು ದಿನವೂ ಮೈ ತೊಳೆಯುವವರ ಕೈ ಮೊದಲು ಗುರುತಿಸಬಲ್ಲದು. ಚಾರ್ಟಿನಲ್ಲಿ ಅವರದೇ ಮಾತು ಇರಲಿ.

ರೋಗಿಯ ಬಳಿಗೆ ನೀವೇ ಹೋಗಿ. ಅರ್ಧ ಗಂಟೆ ಸಾಕು. ಅವರು ಒಪ್ಪಿದರೆ ಅದರಲ್ಲಿ ಸ್ವಲ್ಪ ಹೊತ್ತು ಮನೆಯವರಾಗಲಿ ಹೋಮ್ ನರ್ಸ್ ಆಗಲಿ ಹತ್ತಿರ ಇರದಿರಲಿ. "ತೊಂದರೆ ಇದೆಯಾ" ಎಂದರೆ "ಏನಿಲ್ಲಪ್ಪಾ" ಎನ್ನುತ್ತಾರೆ. "ನಿನ್ನೆ ಎದ್ದಾಗಿನಿಂದ ಏನೇನಾಯ್ತು ಹೇಳಿ" ಎಂದರೆ ವಿಷಯ ಬರುತ್ತದೆ. ಇನ್ನೊಬ್ಬರನ್ನು ಮೂತ್ರಕ್ಕೆ ಕರೆಯಲು ನಾಚಿ ನೀರನ್ನೇ ಕಡಿಮೆ ಕುಡಿಯುವವರಿದ್ದಾರೆ. ನೀರಿನ ಲೆಕ್ಕ ಬರೆಸಿದರೆ ಅದು ಸರಿಹೋಗದು, ಕಮೋಡ್ ಕುರ್ಚಿ ಬೇಕು. ಮಾತು ನಿಂತವರಿಗೆ ಚಿತ್ರದ ಕಾರ್ಡ್ ಒಯ್ಯಿರಿ. ಹಿಂಸೆಯ ಸುಳಿವು ಸಿಕ್ಕರೆ ಹಿರಿಯರ ಸಹಾಯವಾಣಿ 14567; ಹೋಮ್ ನರ್ಸ್ ಹೆಂಗಸಾಗಿದ್ದು ಕಿರುಕುಳ ಹೇಳಿಕೊಂಡರೆ ಮಹಿಳಾ ಸಹಾಯವಾಣಿ 181.

ಹೋಮ್ ನರ್ಸ್ ಮತ್ತು ರೋಗಿ ಇಬ್ಬರ ಬೇಡಿಕೆ ಡಿಕ್ಕಿಯಾಗುವುದೂ ಉಂಟು. ಡೈಪರ್ ಇದ್ದರೆ ಎತ್ತುವ ಕೆಲಸ ತಪ್ಪುತ್ತದೆ, ರೋಗಿಗೆ ಅದು ಬೇಡ. ಇದನ್ನು ಕೈ ಎತ್ತಿಸಿ ತೀರ್ಮಾನಿಸಬೇಡಿ. ರೋಗಿಯ ಇಚ್ಛೆ ನಡೆಯಲಿ, ಎತ್ತಲು ಇನ್ನೊಬ್ಬರ ನೆರವಿಗೂ ಕುರ್ಚಿಗೂ ಬಜೆಟ್‌ನಲ್ಲಿ ಹಣವಿಡಿ.

ಕರಡನ್ನು ಮೂರು ಮನೆಗಳಲ್ಲಿ ಎರಡು ವಾರ ನಡೆಸಿ. ಗಂಟೆಗಳ ಬದಲು ಕಾಫಿ, ಸ್ನಾನ, ಊಟ, ಮಾತ್ರೆಗೆ ಮಗ್ಗುಲನ್ನು ಜೋಡಿಸಿ. ನಡುವಿನ ಅಂತರ ಮಾತ್ರ ಉದ್ದವಾಗಬಾರದು. ರಾತ್ರಿ ಎಷ್ಟು ಸಲ ಎಂಬುದನ್ನು ಚರ್ಮ ನೋಡಿ ನರ್ಸ್ ನಿರ್ಧರಿಸಲಿ. ಏರ್ ಬೆಡ್ (ಗಾಳಿ ತುಂಬಿದ ಹಾಸಿಗೆ) ಇದ್ದರೂ ಹೊರಳಿಸುವುದು ತಪ್ಪದು. ಬಿಟ್ಟುಹೋದ ಚೌಕಕ್ಕೆ ಸಂಬಳ ಕಡಿಯುವುದಿಲ್ಲವೆಂದು ಮೊದಲೇ ಏಜೆನ್ಸಿಯಿಂದ ಬರೆಸಿಕೊಳ್ಳಿ, ಆಗಷ್ಟೇ ನಿಜ ಬರೆಯುತ್ತಾರೆ. ಕೊನೆಯ ಕರಡನ್ನು ಎಲ್ಲರೆದುರು ಓದಿ: ಯಾವ ಸಲಹೆ ಸೇರಿತು, ಯಾವುದು ಸೇರಲಿಲ್ಲ, ಏಕೆ.