ಮೂರು ತೂತಿನ ಸ್ಟೀರಿಂಗ್ ಆರ್ಮ್: ಫಾರ್ಮುಲಾ ಭಾರತ್ ಕಾರಿಗೆ ನಾನು ಮಾಡಿದ ಸ್ಟೀರಿಂಗ್

ಫಾರ್ಮುಲಾ ಭಾರತ್‌ಗೆ (ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ರೇಸ್ ಕಾರು ಕಟ್ಟಿ ತರುವ ಸ್ಪರ್ಧೆ) ಕಾರು ಕಟ್ಟುವಾಗ ಸ್ಟೀರಿಂಗ್ ಕೆಲಸ ನನ್ನ ಪಾಲಿಗೆ ಬಂತು. ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ, ಆಕರ್ಮನ್ ಎಷ್ಟು ಪರ್ಸೆಂಟ್ ಅಂತ. ಆಕರ್ಮನ್ ಅಂದರೆ ತಿರುವಿನಲ್ಲಿ ಒಳಚಕ್ರ ಹೊರಚಕ್ರಕ್ಕಿಂತ ಎಷ್ಟು ಜಾಸ್ತಿ ತಿರುಗುತ್ತದೆ ಅನ್ನುವ ಅಳತೆ.

ತಿರುವಿನಲ್ಲಿ ಒಳಗಿನ ಚಕ್ರದ ವೃತ್ತ ಸಣ್ಣದು, ಹಾಗಾಗಿ ಅದು ಹೊರಗಿನದಕ್ಕಿಂತ ಜಾಸ್ತಿ ತಿರುಗಬೇಕು. ನಮ್ಮ ವೀಲ್‌ಬೇಸ್ (ಮುಂದಿನ-ಹಿಂದಿನ ಆಕ್ಸಲ್ ನಡುವಿನ ದೂರ) 1550 ಮಿ.ಮೀ., ಟ್ರ್ಯಾಕ್ (ಎಡ-ಬಲ ಚಕ್ರಗಳ ನಡುವಿನ ದೂರ) 1200. ಒಳಚಕ್ರ 30 ಡಿಗ್ರಿ ತಿರುಗಿದಾಗ ಹೊರಚಕ್ರ 22ರ ಹತ್ತಿರ ಇದ್ದರೆ ಅದು ನೂರಕ್ಕೆ ನೂರು ಆಕರ್ಮನ್. ಆದರೆ ಇದು ಟೈರ್ ಜಾರುವುದೇ ಇಲ್ಲ ಅಂದುಕೊಂಡು ಮಾಡಿದ ಲೆಕ್ಕ. ವೇಗದ ತಿರುವಿನಲ್ಲಿ ಭಾರವೆಲ್ಲ ಹೊರಚಕ್ರದ ಮೇಲೆ, ಹಗುರಾದ ಒಳಟೈರಿಗೆ ಸಾಮಾನ್ಯವಾಗಿ ಕಡಿಮೆ ಸ್ಲಿಪ್ ಆಂಗಲ್ (ಟೈರ್ ನೋಡುವ ದಿಕ್ಕಿಗೂ ನಿಜವಾಗಿ ಸಾಗುವ ದಿಕ್ಕಿಗೂ ನಡುವಿನ ಕೋನ) ಸಾಕು, ಅಲ್ಲಿ ಆಕರ್ಮನ್ ಕಡಿಮೆ ಇದ್ದರೇ ಒಳ್ಳೆಯದು. ಹೇರ್‌ಪಿನ್‌ನಲ್ಲಿ ಜಾಸ್ತಿ ಬೇಕು. ಟೈರ್ ಡೇಟಾ ಕೈಯಲ್ಲಿಲ್ಲದೆ ಒಂದೇ ನಂಬರ್ ಹಿಡಿದು ವಾದ ಮಾಡುವ ಬದಲು, ಬದಲಾಯಿಸಲು ಬರುವ ಹಾಗೆ ಮಾಡೋಣ ಅಂದೆ.

ರ‍್ಯಾಕನ್ನೇ (ಸ್ಟೀರಿಂಗ್ ತಿರುಗಿಸಿದಾಗ ಅಡ್ಡಕ್ಕೆ ಸರಿಯುವ ಹಲ್ಲಿನ ಸರಳು) ಹಿಂದೆ ಮುಂದೆ ಸರಿಸಬಹುದಿತ್ತು. ಆದರೆ ಆಗ ಕಾಲಮ್‌ನ ಯೂನಿವರ್ಸಲ್ ಜಾಯಿಂಟ್‌ಗಳ ಕೋನವೂ ಬದಲಾಗುತ್ತದೆ, ಸ್ಲಾಟ್ ಇಟ್ಟರೆ ಜಾರುವ ಭಯ ಬೇರೆ. ಅದನ್ನು ಬಿಟ್ಟು, ಸ್ಟೀರಿಂಗ್ ಆರ್ಮನ್ನು (ಚಕ್ರವನ್ನು ತಿರುಗಿಸುವ ತೋಳು) ಚಕ್ರ ಹಿಡಿಯುವ ಅಪ್‌ರೈಟ್‌ಗೆ ಬೋಲ್ಟ್ ಹಾಕುವ ಬೇರೆ ಪೀಸ್ ಮಾಡಿ, ಅದರಲ್ಲಿ ಟೈ ರಾಡ್ (ರ‍್ಯಾಕನ್ನು ಆರ್ಮ್‌ಗೆ ಜೋಡಿಸುವ ಸರಳು) ಕೂರಿಸಲು ಅಕ್ಕಪಕ್ಕ ಮೂರು ತೂತು ಹಾಕಿಸಿದೆವು. ನಮ್ಮ ರ‍್ಯಾಕ್ ಇದ್ದದ್ದು ಆಕ್ಸಲ್‌ಗಿಂತ ಮುಂದೆ, ಹಾಗಾಗಿ ರಿಮ್ ಕಡೆಯ ತೂತಿನಲ್ಲಿ ಆಕರ್ಮನ್ ಜಾಸ್ತಿ. ಮೂರೂ ತೂತು ಆಕ್ಸಲ್‌ನಿಂದ ಒಂದೇ ದೂರದಲ್ಲಿದ್ದರಿಂದ ಸ್ಟೀರಿಂಗ್ ರೇಶಿಯೋ (ಸ್ಟೀರಿಂಗ್ ಎಷ್ಟು ತಿರುಗಿಸಿದರೆ ಚಕ್ರ ಎಷ್ಟು ತಿರುಗುತ್ತದೆ ಅನ್ನುವುದು) ಹೆಚ್ಚುಕಡಿಮೆ ಹಾಗೇ ಉಳಿಯಿತು. ಇಲ್ಲದಿದ್ದರೆ ಡ್ರೈವರ್ ಹೇಳುವ ವ್ಯತ್ಯಾಸ ಆಕರ್ಮನ್‌ದೋ ಆರ್ಮ್ ಉದ್ದದ್ದೋ ಗೊತ್ತಾಗುವುದಿಲ್ಲ ಅಲ್ವಾ?

ನಿಜವಾದ ತಲೆನೋವು ಟೋ, ಅಂದರೆ ನೇರ ಹೋಗುವಾಗ ಚಕ್ರಗಳ ಮುಂಭಾಗ ಎಷ್ಟು ಒಳಗೆ ಅಥವಾ ಹೊರಗೆ ನೋಡುತ್ತದೆ ಅನ್ನುವುದು. ತೂತು ಬದಲಾಯಿಸಿದರೆ ಟೈ ರಾಡ್ ಉದ್ದ ಬದಲಾಗಲೇಬೇಕು. ಒಂದು ತುದಿಗೆ ಲೆಫ್ಟ್ ಥ್ರೆಡ್, ಇನ್ನೊಂದಕ್ಕೆ ರೈಟ್ ಥ್ರೆಡ್ ಹಾಕಿದರೆ ಲಾಕ್ ನಟ್ ಸಡಿಲಿಸಿ ರಾಡನ್ನು ಸುಮ್ನೆ ತಿರುಗಿಸಿದರಾಯಿತು. ಜೊತೆಗೆ ಒಂದು ಅಲ್ಯುಮಿನಿಯಂ ಪಟ್ಟಿಗೆ ಪಿನ್ ಕೂರಿಸಿ ಗೇಜ್ ಮಾಡಿಕೊಂಡೆ: ಟೈ ರಾಡ್ ತುದಿಯ ಕೀಲುಗಳಾದ ರಾಡ್ ಎಂಡ್‌ಗಳ ಕಣ್ಣು ಪಿನ್‌ಗೆ ಸರಿಯಾಗಿ ಕೂತರೆ ಆ ತೂತಿನ ಟೋ ಸಿಕ್ಕಿದಂತೆ. ಪಿಟ್‌ನಲ್ಲಿ ದಾರ ಕಟ್ಟಿ ಅಳೆಯುವ ಕೆಲಸ ಕೊನೆಯಲ್ಲಿ ಬರೀ ಚೆಕ್ ಮಾಡುವುದಕ್ಕೆ.

ಬಂಪ್ ಸ್ಟಿಯರ್ (ಚಕ್ರ ಮೇಲೆ ಕೆಳಗೆ ಹೋದಾಗ ಟೋ ತಾನಾಗಿ ಬದಲಾಗುವುದು) ನೋಡಲು ಸ್ಪ್ರಿಂಗ್ ಬಿಚ್ಚಿ, ಜಾಕ್‌ನಿಂದ ಚಕ್ರ ಎತ್ತಿ ಇಳಿಸಿ, ಡಯಲ್ ಗೇಜ್‌ನಲ್ಲಿ ಟೋ ಗಮನಿಸಿದೆವು. ನಡುವಿನ ತೂತಿಗೆ ಶಿಮ್ (ತೆಳು ಬಿಲ್ಲೆ) ಹಾಕಿ ಸೊನ್ನೆ ಹತ್ತಿರ ತಂದೆವು, ಉಳಿದೆರಡರಲ್ಲಿ ಚೂರು ಉಳಿಯಿತು, ಬಿಟ್ಟೆವು. ಚಕ್ರ ತಿರುಗುವ ಕೋನ ಅಳೆಯಲು ದುಬಾರಿ ಟರ್ನ್ ಪ್ಲೇಟ್ (ಚಕ್ರದ ಕೆಳಗಿಡುವ ತಿರುಗುವ ತಟ್ಟೆ) ಬೇಡ, ಚಕ್ರದ ಕೆಳಗೆ ಎರಡು ಶೀಟ್ ಇಟ್ಟು ನಡುವೆ ಗ್ರೀಸ್ ಹಚ್ಚಿದರೆ ಸಾಕು.

ರಾಡ್ ಎಂಡ್ ಮಾತ್ರ ಎರಡು ಕಿವಿಗಳ ನಡುವೆಯೇ ಕೂರಲಿ. ಒಂದೇ ಕಡೆ ಬೋಲ್ಟ್ ಹಿಡಿದರೆ ಅದು ಬಾಗುತ್ತದೆ, ಆಮೇಲೆ ಜಾಮೆಟ್ರಿ ಎಷ್ಟು ಚೆನ್ನಾಗಿದ್ದರೂ ಏನೂ ಉಪಯೋಗವಿಲ್ಲ. ರೂಲ್ ಪ್ರಕಾರ ಸ್ಟೀರಿಂಗ್ ವೀಲ್‌ನಲ್ಲಿ ಒಟ್ಟು ಪ್ಲೇ (ಚಕ್ರ ತಿರುಗದೆ ಬರೀ ಅಲ್ಲಾಡುವ ಸಡಿಲ) 7 ಡಿಗ್ರಿ ದಾಟುವ ಹಾಗಿಲ್ಲ. ಇನ್ನು ಹೊರಗಿನ ತೂತು ಹಾಕಿದಾಗಲೆಲ್ಲ ಪೂರ್ತಿ ಲಾಕ್‌ಗೆ ತಿರುಗಿಸಿ, ಸಸ್ಪೆನ್ಷನ್ ಒತ್ತಿ, ಟೈ ರಾಡ್ ರಿಮ್‌ಗೆ ತಾಗುತ್ತಾ ನೋಡಿ, ಎರಡೂ ಕಡೆ.