ಹಳೇ ಫೋಟೋ, ಹಿರಿಯರ ಮಾತು: ಮಳೆಗಾಲಕ್ಕೆ ಮುಂಚೆ ಕೂತು ಮಾಡಿ

ಮುಂಬೈಯ ಫೋರ್ಟ್, ಮಾಟುಂಗಾ ಕಡೆ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತವರಿಗೆಲ್ಲ ಈಗ ವಯಸ್ಸಾಗಿದೆ. ಫೋಟೋದಲ್ಲಿರುವವರು ಯಾರೆಂದು ಗೊತ್ತಿರುವುದು ಅವರಿಗೆ ಮಾತ್ರ. ಹಾಗಾಗಿ ಮೊದಲು ಮಾತು, ಸ್ಕ್ಯಾನ್ ಆಮೇಲೆ.

"ನಿಮ್ಮ ಕಥೆ ಹೇಳಿ" ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಒಂದು ಫೋಟೋ ಕೈಗಿಟ್ಟು, "ದೊಡ್ಡಪ್ಪ, ಗಲ್ಲಾದ ಪಕ್ಕ ನಿಂತವರು ಯಾರು? ರಾತ್ರಿ ಎಲ್ಲಿ ಮಲಗ್ತಿದ್ರಿ?" ಅಂತ ಕೇಳಿ. 1982ರ ಬಟ್ಟೆ ಗಿರಣಿ ಮುಷ್ಕರದಲ್ಲಿ ಹೋಟೆಲಿನಲ್ಲಿ ಕಾರ್ಮಿಕರ ಉದ್ರಿ ಲೆಕ್ಕ ಏನಾಯ್ತು ಅಂತ ಕೇಳಿ ನೋಡಿ, ಚಹಾ ಆರಿದರೂ ಮಾತು ನಿಲ್ಲುವುದಿಲ್ಲ. ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಇರಲಿ. ರೆಕಾರ್ಡ್ ಮಾಡುವಾಗ ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ಫ್ಯಾನ್ ಬಂದ್ ಮಾಡಿ. (ಸೆಕೆ ತಡೆಯಬೇಕು, ಬೇರೆ ದಾರಿಯಿಲ್ಲ!)

ಅಂಟು ಪುಟದ ಹಳೇ ಆಲ್ಬಮ್ಮಿನಿಂದ ಫೋಟೋ ಎಳೆದು ಕೀಳಲೇಬೇಡಿ, ಮುಖವೇ ಹರಿದುಹೋಗುತ್ತದೆ. ಡೆಂಟಲ್ ಫ್ಲಾಸ್ ದಾರವನ್ನು ಫೋಟೋದ ಹಿಂದೆ ತೂರಿಸಿ ನಿಧಾನಕ್ಕೆ ಆಚೀಚೆ ಎಳೆಯಿರಿ. ಬಿಡದಿದ್ದರೆ ಪುಟದ ಸಮೇತ ಸ್ಕ್ಯಾನ್ ಮಾಡಿ. 600 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ) ಸಾಕು. ಹಿಂಬದಿಯನ್ನೂ ಮಾಡಿ, ಸ್ಟುಡಿಯೋದ ಮುದ್ರೆ, ತಾರೀಖು ಅಲ್ಲೇ ಇರುತ್ತದೆ. ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್, ಬಾಲ್‌ಪೆನ್ ಬೇಡ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಫೋಟೋ ಮಸುಕಾಗುತ್ತದೆ. ಮೂಲ ಪ್ರತಿಗಳನ್ನು ಮಳೆ ಬಡಿಯುವ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ, ಜುಲೈ ಹೊತ್ತಿಗೆ ಬೂಷ್ಟು ಹಿಡಿಯುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.