ಬೆಳಗಿನ ಹೊತ್ತು ಸ್ಟಾರ್ಟ್ ಆಗದ ಹಳೇ ಫ್ಯುಯೆಲ್ ಇಂಜೆಕ್ಷನ್ ಕಾರಿಗೆ

ಎಂಜಿನ್ ತಣ್ಣಗಿರುವಾಗ ಮಾತ್ರ ಸ್ಟಾರ್ಟ್ ಆಗಲು ಸತಾಯಿಸುತ್ತಿದ್ದರೆ ದಯವಿಟ್ಟು ಸಿಕ್ಕ ಸಿಕ್ಕ ಪಾರ್ಟ್ ಬದಲಾಯಿಸಬೇಡಿ. ಮೊದಲು ಕೀ ಆನ್ ಮಾಡಿ ಸುಮ್ಮನೆ ಕಿವಿಗೊಡಿ. ಹೆಚ್ಚಿನ ಗಾಡಿಗಳಲ್ಲಿ ಫ್ಯುಯೆಲ್ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಅನ್ನಬೇಕು. ಹೀಗೆ ಮೂರು ಸಲ ಆನ್-ಆಫ್ ಮಾಡಿದ ಮೇಲೆ ತಟ್ಟನೆ ಸ್ಟಾರ್ಟ್ ಆದರೆ, ರಾತ್ರಿ ಪೆಟ್ರೋಲ್ ಲೈನಿನ ಪ್ರೆಶರ್ ಇಳಿಯುತ್ತಿದೆ ಅಂತ: ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ) ಇಲ್ಲವೇ ಸೋರುವ ಇಂಜೆಕ್ಟರ್ (ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಭಾಗ) ನೋಡಿ.

ನನಗೆ ಹೆಚ್ಚು ಅನುಮಾನ ಕೂಲಂಟ್ ಟೆಂಪರೇಚರ್ ಸೆನ್ಸರ್ ಮೇಲೆ, ಅಂದರೆ ಎಂಜಿನ್ ತಂಪು ಮಾಡುವ ದ್ರವದ ಬಿಸಿ ಅಳೆಯುವ ಸೆನ್ಸರ್ ಮೇಲೆ. ಎಂಜಿನ್ ಬಿಸಿಯಿದೆ ಎಂದು ಅದು ಸುಳ್ಳು ಹೇಳಿದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪೆಟ್ರೋಲ್ ಕಡಿಮೆ ಬಿಡುತ್ತದೆ. ಮಲ್ಟಿಮೀಟರ್ ಇಟ್ಟು ಸೆನ್ಸರ್‌ನ ರೆಸಿಸ್ಟೆನ್ಸ್ ಅಳೆಯಿರಿ. ಅನೇಕ ಸೆನ್ಸರ್‌ಗಳಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್, 80ಕ್ಕೆ 300ರ ಆಸುಪಾಸು. ನಿಮ್ಮ ಗಾಡಿಯ ಲೆಕ್ಕ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಕನೆಕ್ಟರ್ ಬಿಚ್ಚಿದಾಗ ಪಿನ್ನಿಗೆ ಹಸಿರು ಕಿಲುಬು ಹಿಡಿದಿದ್ದರೆ ಮೊದಲು ಅದನ್ನು ಉಜ್ಜಿ ತೆಗೆದು, ಆಮೇಲೆ ಅಳೆಯಿರಿ.